ತಿರುಗಿ ಹೇಳಿದ ಮೇಲೆ ಹೆಬ್ಬೆಟ್ಟು

ನನ್ನ ಗಂಡ ಬ್ಯಾಂಕಿಗೆ ಸೇರಿದ್ದು ಅಂಕೋಲೆಯಲ್ಲಿ, ಗುಮಾಸ್ತರಾಗಿ. ನಿವೃತ್ತರಾದದ್ದು ಜನರಲ್ ಮ್ಯಾನೇಜರ್ ಆಗಿ. ನಡುವೆ ನಾನು ಎಷ್ಟು ಊರುಗಳಲ್ಲಿ ಪಾತ್ರೆಪಗಡ ಕಟ್ಟಿ ಬಿಚ್ಚಿದೆನೋ, ಆ ಲೆಕ್ಕ ಮಾತ್ರ ಯಾವ ಬ್ಯಾಂಕೂ ಇಟ್ಟಿಲ್ಲ. ಈಗ ಶಿರವಾಡದ ಮನೆಯಲ್ಲಿ ಬನಿಯನ್ ಉಲ್ಟಾ ಹಾಕಿಕೊಂಡು ಪೇಪರ್ ಓದುವ ಇವರನ್ನು ನೋಡಿದರೆ, ಒಂದು ಕಾಲಕ್ಕೆ ಇವರ ಸಹಿಗಾಗಿ ಜನ ಕಾದು ನಿಲ್ಲುತ್ತಿದ್ದರು ಎಂದು ಯಾರೂ ನಂಬಲಿಕ್ಕಿಲ್ಲ.

ಸುಂಕಸಾಳದ ಕೂಲಿಯವರ ಮನೆಯಲ್ಲಿ ಹುಟ್ಟಿದವರು ಇಷ್ಟು ಮೇಲೆ ಹೋದದ್ದು ಹೇಗೆ ಎಂದು ಹಲವರು ನನ್ನನ್ನು ಕೇಳುತ್ತಾರೆ. ಬುದ್ಧಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನನಗೆ ಇವರ ಮೇಲೆ ಗೌರವ ಹುಟ್ಟಿದ್ದು ಪ್ರಮೋಷನ್‌ಗಳಿಂದಲ್ಲ, ಇವರ ಒಂದು ಹಟದಿಂದ. ಆ ಹಟದ ಮೇಲೆ ಹುಟ್ಟಿದ್ದು ಮೊದಲು ಸಿಟ್ಟು, ಗೌರವ ಆಮೇಲೆ.

ಸಹಿ ಬಾರದವರು ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಾದರೂ ಇವರು ಮೊದಲು ಅದನ್ನು ಇಡಿಯಾಗಿ ಓದಿ, ಅವರವರ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಕಾರವಾರದ ಕಡೆಯವರಿಗೆ ಕೊಂಕಣಿಯಲ್ಲಿ, ನಮ್ಮ ಕಡೆಯವರಿಗೆ ನಮ್ಮ ಮಾತಿನಲ್ಲಿ. ಅಲ್ಲಿಗೂ ಮುಗಿಯುತ್ತಿರಲಿಲ್ಲ. "ಈಗ ನೀವು ತಿರುಗಿ ಹೇಳಿ, ನಾ ಎಂತ ಹೇಳ್ದೆ?" ಎಂದು ಕೇಳುತ್ತಿದ್ದರು. ಅವರು ತಮ್ಮ ಬಾಯಲ್ಲೇ ಹೇಳಿ ಮುಗಿಸುವ ತನಕ ಶಾಯಿಪ್ಯಾಡು ಡ್ರಾಯರಿನಿಂದ ಹೊರಗೆ ಬರುತ್ತಿರಲಿಲ್ಲ. ಮೇಲಿನವರು ಕೆಲಸ ನಿಧಾನವೆಂದು ಬೈದರು. ಜೊತೆಯವರು ಬೆನ್ನ ಹಿಂದೆ 'ಮಾಸ್ತರು' ಎಂದು ಆಡಿಕೊಂಡರು. ಇವರು ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಬ್ಯಾಂಕಿನ ಕಾಗದ ನಂಗೇ ಎರಡು ಸಲ ಓದಿದ್ರೆ ತಲೆಗೆ ಹೋಗ್ತದೆ. ಓದೂಕೆ ಬರದವ್ರಿಗೆ ಒಂದು ಸಲವೂ ಓದಿ ಹೇಳ್ದಿದ್ರೆ ಹ್ಯಾಂಗೆ?" ಎನ್ನುತ್ತಿದ್ದರು.

ಇವರು ಅಂಕೋಲೆಯಲ್ಲೇ ಮ್ಯಾನೇಜರ್ ಆಗಿದ್ದಾಗ ನನ್ನ ತಮ್ಮ ಅಕ್ಕಿ ಗಿರಣಿ ಹಾಕಲು ಹೊರಟ. ಸಾಲಕ್ಕೆ ಅರ್ಜಿ ಕೊಟ್ಟದ್ದು ಇವರ ಬ್ಯಾಂಕಿನಲ್ಲೇ. ಹೆಂಡತಿಯ ತಮ್ಮನ ಸಾಲವನ್ನು ತಾವು ಮಂಜೂರು ಮಾಡುವಂತಿಲ್ಲ ಎಂದು ಇವರು ಅದನ್ನು ಕಾರವಾರದ ಕಚೇರಿಗೆ ಕಳಿಸಿದರು. ಅಲ್ಲಿ ಒಪ್ಪಿಗೆಯೂ ಆಯಿತು. ಇನ್ನು ಬೇಕಾಗಿದ್ದದ್ದು ಜಾಮೀನಿಗೆ ಗದ್ದೆ. ಗದ್ದೆ ಇದ್ದದ್ದು ರಾಮನಗುಳಿಯ ಚಿಕ್ಕಿಗೆ, ಎಂದರೆ ನಮ್ಮ ಅಮ್ಮನ ತಂಗಿಗೆ. ಗಂಡನೂ ಮಕ್ಕಳೂ ಇಲ್ಲದ ಚಿಕ್ಕಿಗೆ ಆ ಗದ್ದೆಯೇ ಅನ್ನ. ಸಸಿ ನೆಡುವ ನಟ್ಟಿಯಿಂದ ಕೊಯ್ಲಿನವರೆಗೆ ಎಲ್ಲವನ್ನೂ ತಾನೇ ಮುಂದೆ ನಿಂತು ಮಾಡಿಸುತ್ತಿದ್ದಳು.

ತಮ್ಮ ಅವಳನ್ನು ಬಸ್ಸಿನಲ್ಲಿ ಕರೆತಂದ. ಬ್ಯಾಂಕಿನ ಹಿಂದಿನ ಓಣಿಯಲ್ಲೇ ನಮ್ಮ ಮನೆ ಇದ್ದದ್ದರಿಂದ ನಾನೂ ಹೋಗಿ ಅವಳ ಪಕ್ಕದಲ್ಲಿ ಕುಳಿತೆ. ಇವರು ಎಂದಿನಂತೆ ಕನ್ನಡಕ ಏರಿಸಿ ಓದತೊಡಗಿದರು. ತಮ್ಮ ಚಡಪಡಿಸಿದ.

"ಭಾವ, ಚಿಕ್ಕಿ ನಮ್ಮನೆಯವಳೇ. ಓದೂದು ಎಂತಕ್ಕೆ?"

"ನಮ್ಮನೆಯವ್ರಿಗೆ ಓದ್ಲಿಲ್ಲ ಅಂದ್ರೆ ಮತ್ಯಾರಿಗೆ ಓದ್ಲಿ?" ಎಂದು ಇವರು ಮುಂದುವರಿಸಿದರು. ಮುಗಿದ ಮೇಲೆ, "ಅತ್ತೆ, ಈಗ ನೀವು ಹೇಳಿ" ಎಂದರು.

ಚಿಕ್ಕಿ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅಂವ ಸಾಲ ಕಟ್ಟದಿದ್ರೆ ನನ್ನ ಗದ್ದೆ ಹೋಗ್ತದೆ. ಅಷ್ಟೇ ಅಲ್ದಾ?" ಎಂದಳು. ಆಮೇಲೆ ತಮ್ಮನ ಕಡೆ ತಿರುಗಿದಳು. "ಸಾಕ್ಷಿಗೆ ಒಂದು ಹೆಬ್ಬೆಟ್ಟು ಅಂದಿದ್ದೆ ನೀನು. ಗದ್ದೆ ಕೊಡು ಅಂತ ಕೇಳಿದ್ರೆ ಕೊಡ್ತಿದ್ದೆನೋ ಎಂತೋ. ಕೇಳ್ಲೇ ಇಲ್ಲ ನೀನು." ಎದ್ದು ಹೊರಟೇಹೋದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಉರಿದದ್ದು ತಮ್ಮನ ಮೇಲಲ್ಲ, ಇವರ ಮೇಲೆ. ಊರಿಗೆಲ್ಲ ಓದಿ ಹೇಳುವವರು ಒಂದು ದಿನ ಬಾಯಿಮುಚ್ಚಿಕೊಂಡಿದ್ದರೆ ಗಂಟೇನು ಹೋಗುತ್ತಿತ್ತು? ತಮ್ಮ ಸುಳ್ಳುಗಾರನಲ್ಲ, ಕೇಳಲು ನಾಚಿದ್ದ ಅಷ್ಟೆ ಎಂದು ಜಗಳಕ್ಕೆ ನಿಂತೆ. ಇವರು ಮೀನು ಸಾರು ಕಲಸುತ್ತ ಎಲ್ಲವನ್ನೂ ಕೇಳಿಸಿಕೊಂಡರು. "ನಾಚಿಕೆ ಅವಂದು, ಗದ್ದೆ ಅವಳದ್ದು" ಎಂದಷ್ಟೇ ಹೇಳಿ ಊಟ ಮುಂದುವರಿಸಿದರು. ಆ ವರ್ಷ ಚೌತಿಗೆ ತವರಿನಿಂದ ಕರೆ ಬರಲಿಲ್ಲ. ದೀಪಾವಳಿಗೂ ಇಲ್ಲ. ಪೇಟೆಯಲ್ಲಿ ಎದುರಾದರೆ ತಮ್ಮ ರಸ್ತೆ ದಾಟಿ ಆಚೆ ಹೋಗುತ್ತಿದ್ದ. ಅಡಿಗೆಮನೆಯಲ್ಲಿ ಒಬ್ಬಳೇ ಎಷ್ಟು ಅತ್ತೆನೋ. ಇವರಿಗೂ ನೋವಾಗುತ್ತಿತ್ತೆಂದು ನನಗೆ ಗೊತ್ತಿತ್ತು, ಯಾಕೆಂದರೆ ನನ್ನ ತಮ್ಮನಿಗೆ ಸೈಕಲ್ ಹೊಡೆಯಲು ಕಲಿಸಿದವರೇ ಇವರು. ಆದರೂ ತಪ್ಪಾಯಿತೆಂದು ಇವರ ಬಾಯಿಂದ ಬರಲಿಲ್ಲ.

ಗದ್ದೆ ಕೊಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ ಚಿಕ್ಕಿ ನಮ್ಮ ಮನೆ ಬಾಗಿಲಿಗೆ ಬಂದಳು. ಹಿಂದೆ ತಮ್ಮನೂ ಇದ್ದ. ಒಳಗೆ ಬರಲೊಲ್ಲದೆ ಅಂಗಳದಲ್ಲೇ ನಿಂತ.

"ಮೊನ್ನೆ ಬಂದು ಜಗಲಿ ಮೇಲೆ ಕೂತಿದ್ದ ತಂಗೀ. ಉಣ್ಣೂಕೆ ಕರೆದ್ರೆ, ಮೊದ್ಲು ಒಂದು ಕೇಳ್ತೆ, ಆಮೇಲೆ ಉಣ್ತೆ ಅಂದ. ಬಾಯಿ ಬಿಟ್ಟು ಗದ್ದೆ ಕೇಳ್ದ" ಎಂದಳು ಚಿಕ್ಕಿ.

ನಾವು ಮೂವರೂ ಬ್ಯಾಂಕಿಗೆ ಹೋದೆವು. ಚಿಕ್ಕಿ ತಾನೇ ಕುರ್ಚಿ ಎಳೆದುಕೊಂಡು ಇವರ ಎದುರು ಕುಳಿತಳು. ಇವರು ಅವಸರ ಮಾಡಲಿಲ್ಲ. ಒಂದಕ್ಷರ ಬಿಡದೆ ಎಲ್ಲವನ್ನೂ ಮತ್ತೆ ಓದಿದರು, ಮತ್ತೆ ಬಿಡಿಸಿ ಹೇಳಿದರು, ಮತ್ತೆ ಅದೇ ಪ್ರಶ್ನೆ ಕೇಳಿದರು. ಆ ಗಳಿಗೆಯಲ್ಲಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನನ್ನ ತವರಿನ ನಂಟು ಕಡಿದುಕೊಂಡು ಕುಳಿತಿದ್ದ ಮನುಷ್ಯ, ಅದು ಮತ್ತೆ ಕೂಡುವ ಹೊತ್ತಿನಲ್ಲೂ ಒಂದು ಸಾಲು ಹಾರಿಸಲಿಲ್ಲವಲ್ಲ ಎಂದು ಹೆಮ್ಮೆಯಿಂದ ಎದೆ ತುಂಬಿತು. ಮುಂದೆ ಬಂದ ಯಾವ ದೊಡ್ಡ ಕುರ್ಚಿಯೂ ನನಗೆ ಅಷ್ಟು ಹೆಮ್ಮೆ ಕೊಡಲಿಲ್ಲ.

ಚಿಕ್ಕಿ ತಿರುಗಿ ಹೇಳಿದಳು: "ಅಂವ ಕಟ್ಟದಿದ್ರೆ ನನ್ನ ಗದ್ದೆ ಹೋಗ್ತದೆ. ಮುದುಕಿ ಆದ್ಮೇಲೆ ಕಂಡವ್ರ ಗದ್ದೆಗೆ ನಟ್ಟಿಗೆ ಹೋಗ್ಬೇಕು ನಾನು. ಗೊತ್ತದೆ. ಹೋದ್ರೆ ಹೋಗ್ಲಿ, ಕೇಳಿ ತಕಂಡ."

ಬಾಗಿಲ ಹತ್ತಿರ ನಿಂತಿದ್ದ ತಮ್ಮನ ಮುಖ ಬಿಳಿಚಿಕೊಂಡಿತು. ನಟ್ಟಿಯ ಮಾತು ಯಾವ ಕಾಗದದಲ್ಲೂ ಇರಲಿಲ್ಲ. ಅವನು ಬಂದು ಚಿಕ್ಕಿಯ ಪಕ್ಕದಲ್ಲಿ ಕುಳಿತ.

"ಭಾವ, ಇನ್ನೊಂದು ಸಲ ಓದಿ" ಎಂದ. "ಈಗ ನಾನು ತಿರುಗಿ ಹೇಳ್ತೆ."