ಅಜ್ಜಿಯ ಎಲೆಯ ಪಕ್ಕದ ಲೋಟ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ಮೊದಲ ಹಲ್ಲು ಪೇರಳೆ ಹಣ್ಣಿನಲ್ಲಿ ಕಚ್ಚಿಕೊಂಡು ಹೊರಬಂತು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಹಳೆಯ ಡೈರಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ ಪೇರಳೆಯೇ ಇಲ್ಲ. "ಹಲ್ಲು ಹೋಯಿತು. ಮಳೆ." ಇಷ್ಟೇ ಇದೆ. ಎಪ್ಪತ್ನಾಲ್ಕನೆಯ ಇಸವಿ. ನನಗೆ ಇಪ್ಪತ್ತೊಂಬತ್ತು ವರ್ಷ.

ಇನ್ನೊಂದು ಮಾತು. ನಮ್ಮ ಮನೆಯ ಭಾಷೆ ತುಳು. ಇಲ್ಲಿ ಬರುವ ಮಾತುಗಳನ್ನು ಕನ್ನಡಕ್ಕೆ ತಂದಿದ್ದೇನೆ, ಎರಡು ಮೂರನ್ನು ಬಿಟ್ಟು. ಅವನ್ನು ಹಾಗೆಯೇ ಇಟ್ಟದ್ದು ಏಕೆಂದು ಮುಂದೆ ಗೊತ್ತಾಗುತ್ತದೆ.

ಹಂಪನಕಟ್ಟೆಯಲ್ಲಿ ಮಹಡಿಯ ಮೇಲೆ ಒಂದು ಕ್ಲಿನಿಕ್ ಇತ್ತು. ಅಲ್ಲಿನ ವಯಸ್ಸಾದ ಡಾಕ್ಟರು ಬೆರಳಿನಿಂದ ನನ್ನ ಹಲ್ಲುಗಳನ್ನು ಒಂದೊಂದಾಗಿ ಅಲ್ಲಾಡಿಸಿದರು. ಎಲ್ಲವೂ ಅಲ್ಲಾಡಿದವು.

"ಪಯೋರಿಯಾ. ವಸಡು ಪೂರ್ತಿ ಹೋಗಿದೆ. ತೆಗೆಯುದೇ."

"ಎಷ್ಟು?"

"ಎಲ್ಲ."

ಗಂಡ ಬಹ್ರೈನಿನಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ನಾನು ಕದ್ರಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದುಕೊಂಡು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದೆ. ನನ್ನವರು ಎಂದರೆ ಶಕ್ತಿನಗರದಲ್ಲಿದ್ದ ಮಾವ. ನನ್ನ ತಾಯಿಯ ಅಣ್ಣ. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿ ಎಂ.ಎ.ವರೆಗೆ ಓದಿಸಿದ್ದು ಅವರೇ. ಕೊನೆಯ ಹಲ್ಲುಗಳನ್ನು ಕೀಳುವ ದಿನ ಜೊತೆಗೆ ಬರುತ್ತೇನೆ ಎಂದಿದ್ದರು. ಬರಲಿಲ್ಲ. ಅವರ ಹೋಟೆಲಿನ ಅಡುಗೆಯವನು ಅಂದು ಕೈಕೊಟ್ಟಿದ್ದ. ಬಾಯಿ ತುಂಬ ಹತ್ತಿ ಇಟ್ಟುಕೊಂಡು, ಸೆರಗು ಮುಚ್ಚಿಕೊಂಡು ಒಬ್ಬಳೇ ಸಿಟಿ ಬಸ್ಸಿನಲ್ಲಿ ಮನೆಗೆ ಬಂದೆ. ಕಂಡಕ್ಟರನಿಗೆ "ಕದ್ರಿ" ಎಂದು ಹೇಳಲಾಗಲಿಲ್ಲ. ಬೆರಳಿನಿಂದ ಗುಡ್ಡದ ಕಡೆ ತೋರಿಸಿದೆ.

ಆರು ತಿಂಗಳ ನಂತರ ಕಟ್ಟಿಸಿದ ಹಲ್ಲಿನ ಸೆಟ್ ಬಂತು. ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು, ನನ್ನ ಹಲ್ಲುಗಳಿಗಿಂತ ಚಂದ. ಮಲಗುವಾಗ ತೆಗೆದು ನೀರಿನಲ್ಲಿ ಇಡಿ ಎಂದು ಡಾಕ್ಟರು ಹೇಳಿದ್ದು ನೆನಪಿದೆ. ಒಂದೆರಡು ವರ್ಷಕ್ಕೆ ಬಂದು ತೋರಿಸಿ ಎಂದೂ ಹೇಳಿದ್ದರೋ? ಹೇಳಿರಬೇಕು. ನಾನು ಹೋಗಲಿಲ್ಲ, ಮಲಗುವಾಗ ತೆಗೆಯಲೂ ಇಲ್ಲ. ಹಲ್ಲಿಲ್ಲದ ನನ್ನನ್ನು ಯಾರೂ ನೋಡಬಾರದು ಎಂದು ತೀರ್ಮಾನಿಸಿದ್ದೆ. ಆ ಯಾರೂ ಎಂಬುದರಲ್ಲಿ ನಾನೂ ಸೇರಿದ್ದೆ. ತೊಳೆಯುವಾಗ ಕನ್ನಡಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದೆ.

ಮೂರು ನಾಲ್ಕು ವರ್ಷಗಳಲ್ಲಿ ಸೆಟ್ ಸಡಿಲವಾಯಿತು. ಸೆಟ್ ಸವೆದಿದೆ ಎಂದುಕೊಂಡೆ. ಅಡಿಗೆ ಹತ್ತಿಯ ತೆಳು ಪದರ ಇಟ್ಟೆ. ಮರುವರ್ಷ ಇನ್ನೊಂದು ಪದರ. ಬಾಯಿಯ ಎರಡೂ ಮೂಲೆಗಳಲ್ಲಿ ವಾಸಿಯಾಗದ ಬಿರುಕು. ಮಾತಾಡುವಾಗ ಕೆಳಗಿನ ಸೆಟ್ ಟಕ್ ಎಂದು ಎದ್ದು ಕೂರುತ್ತಿತ್ತು. ಲೈಬ್ರರಿಯ ಮೌನದಲ್ಲಿ ಆ ಸದ್ದು ದೂರದ ಮೇಜಿನವರೆಗೂ ಹೋಗುತ್ತಿತ್ತು. ಹುಡುಗಿಯರು ತಲೆ ಎತ್ತಿ ಗೋಡೆಯ ಗಡಿಯಾರ ನೋಡುತ್ತಿದ್ದರು.

ದಿನವೂ ನೋಡುವವರಿಗೆ ಬೇರೇನೂ ಕಾಣಲಿಲ್ಲ. ಎರಡು ವರ್ಷಕ್ಕೊಮ್ಮೆ ನೋಡುವವರಿಗೆ ಕಂಡಿತು. ಎಂಬತ್ತೊಂದರಲ್ಲಿ ಗಂಡ ಬಂದಾಗ ಬೊಂಬಾಯಿ ಬಸ್ಸು ನಿಲ್ಲುವಲ್ಲಿ ಕಾಯುತ್ತಿದ್ದೆ. ಅವರು ಇಳಿದರು, ಪೆಟ್ಟಿಗೆ ಎತ್ತಿಕೊಂಡರು, ನನ್ನ ಮುಖ ನೋಡಿದರು.

ನೋಡಿ, ಮುಂದೆ ಹೋದರು.

ನಾನು ಕರೆದ ಮೇಲೆ ತಿರುಗಿದರು. "ಅಯ್ಯೋ, ಬಿಸಿಲಿಗೆ ಕಣ್ಣು ಕಾಣ್ಲಿಲ್ಲ ಮಾರಾಯ್ತಿ" ಎಂದು ನಕ್ಕರು. ಅಂದು ಬಿಸಿಲಿತ್ತೇ? ಡೈರಿಯಲ್ಲಿ ಬರೆದಿಲ್ಲ. ಮನೆಗೆ ಬಂದು ಚಹಾ ಕುಡಿಯುತ್ತ ಅವರು ಮೆಲ್ಲಗೆ ಕೇಳಿದರು, "ನಿನ್ನ ಮುಖಕ್ಕೆ ಎಂತ ಆಯ್ತು? ಸಪೂರ ಆದದ್ದಲ್ಲ. ಗಿಡ್ಡ ಆಗಿದೆ."

ಆಗಿನಿಂದ ಅಳೆಯತೊಡಗಿದೆ. ಲೈಬ್ರರಿಯ ಒಂದು ಕಾರ್ಡನ್ನು ಮೂಗಿನ ತುದಿಗೆ ಹಿಡಿದು, ಗದ್ದ ಬರುವಲ್ಲಿ ಪೆನ್ಸಿಲಿನಿಂದ ಗೆರೆ. ಆರು ತಿಂಗಳಿಗೊಮ್ಮೆ. ಮೂರನೆಯ ಗೆರೆ ಮೊದಲನೆಯದಕ್ಕಿಂತ ಮೇಲಿತ್ತು. ಗದ್ದ ಮೂಗಿನ ಕಡೆಗೆ ಹತ್ತುತ್ತಿತ್ತು. ನಾನೇ ಬಾಯನ್ನು ಹೆಚ್ಚು ಒತ್ತಿದೆನೋ ಏನೋ. ಚರಿತ್ರೆ ಓದಿದವಳು ನಾನು, ಒಂದೇ ಸಾಕ್ಷಿಯನ್ನು ನಂಬಬಾರದೆಂದು ಕಲಿತವಳು. ಆದರೆ ಇಲ್ಲಿ ಅಳತೆ, ಅಳೆಯುವವಳು, ಅಳೆಸಿಕೊಳ್ಳುವವಳು ಎಲ್ಲ ಒಬ್ಬಳೇ.

ಅದೇ ಹೊತ್ತಿಗೆ ಮಾಮಿ, ಎಂದರೆ ಮಾವನ ಹೆಂಡತಿ, ಆ ಮಾತು ಹೇಳಿದರು.

"ವಾರಿಜಾ, ನೀನು ಬರ್ತಾ ಬರ್ತಾ ಅಜ್ಜಿಯ ಹಾಗೆ ಆಗ್ತಾ ಇದ್ದಿ. ಸುಮ್ಮನೆ ಹೇಳುದಲ್ಲ. ಆ ಬಾಯಿ, ಆ ಗದ್ದ. ಇನ್ನು ಕವಳ ಜಗಿಯುದೊಂದು ಬಾಕಿ."

ಅಜ್ಜಿ ಮಾವನ ತಾಯಿ. ನನಗೆ ಆರೋ ಏಳೋ ವರ್ಷವಿದ್ದಾಗ ತೀರಿಕೊಂಡರು. ಫೋಟೊ ಒಂದೂ ಇಲ್ಲ. ನನಗಿದ್ದ ಒಂದೇ ನೆನಪು, ಹಲ್ಲಿಲ್ಲದ ಬಾಯಿಗಾಗಿ ಕವಳದ ಎಲೆಯಡಿಕೆಯನ್ನು ಪುಟ್ಟ ಒರಳಿನಲ್ಲಿ ಕುಟ್ಟುವ ಸದ್ದು. ಮುಖ ನೆನಪಿರಲಿಲ್ಲ. ಅಂದು ಮನೆಗೆ ಬಂದು, ಮೊದಲ ಬಾರಿಗೆ, ಸೆಟ್ ತೆಗೆದು ಕನ್ನಡಿಯ ಕಡೆ ತಿರುಗಿದೆ. ತುಟಿಗಳು ಒಳಗೆ ಹೋಗಿದ್ದವು. ಗದ್ದ ಮುಂದೆ ಬಂದಿತ್ತು. ಅಜ್ಜಿ ನನ್ನನ್ನು ನೋಡುತ್ತಿದ್ದರು.

ಆ ಕ್ಷಣದಿಂದ ಅಜ್ಜಿಯ ಮುಖ ನನಗೆ ಚೆನ್ನಾಗಿ ನೆನಪಿದೆ. ಇದು ಹೇಗೆ ಸಾಧ್ಯ?

ಕಳೆದ ವರ್ಷ, ಎಂಬತ್ತಮೂರರ ಆಟಿ ತಿಂಗಳು, ಮಾವನ ಮನೆ. ಆಟಿಯಲ್ಲಿ, ಎಂದರೆ ಆಷಾಢದ ಮಳೆಗಾಲದಲ್ಲಿ, ನಾವು ತೀರಿಹೋದ ಹಿರಿಯರಿಗೆ ಬಡಿಸುತ್ತೇವೆ. ಒಳಕೋಣೆಯಲ್ಲಿ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಪಕ್ಕದಲ್ಲಿ ನೀರಿಟ್ಟು, ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಬಂದು ಉಣ್ಣುವಷ್ಟು ಹೊತ್ತು ಒಳಗೆ ಯಾರೂ ಇರಬಾರದು. ಆಮೇಲೆ ಮನೆಯ ಯಜಮಾನ ಬಾಗಿಲು ತಟ್ಟಿ ತೆರೆಯುವುದು. ನಂತರವೇ ನಮ್ಮ ಊಟ.

ಅಂದು ವಸಡು ಹುಣ್ಣಾಗಿ ಸೆಟ್ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಬೆಳಿಗ್ಗೆ ಕೋಳಿ ಸಾರಿಗೆ ಮಸಾಲೆ ಕಡೆಯುವಾಗ ತೆಗೆದು, ಒಂದು ಸ್ಟೀಲ್ ಲೋಟದ ನೀರಿನಲ್ಲಿ ಹಾಕಿ, ಮೇಲೆ ಪುಟ್ಟ ತಟ್ಟೆ ಮುಚ್ಚಿ ಒಳಕೋಣೆಯ ಕಿಟಕಿಯಲ್ಲಿ ಇಟ್ಟಿದ್ದೆ. ಊಟದ ಹೊತ್ತಿಗೆ ಹಾಕಿಕೊಳ್ಳುವುದೆಂದು. ಅಲ್ಲಿಯವರೆಗೆ ಸೆರಗು ಬಾಯಿಗೆ.

ಬಾಗಿಲು ಹಾಕಿ ಎಲ್ಲರೂ ಜಗಲಿಯಲ್ಲಿ ನಿಂತಾಗ ಲೋಟ ನೆನಪಾಯಿತು. ಮಾಮಿಯ ಕಿವಿಯಲ್ಲಿ ಪಿಸುಗುಟ್ಟಿದೆ, "ಕಿಟಕಿಯಲ್ಲಿದ್ದ ಲೋಟ?"

"ನೀರಿನದ್ದಾ? ಒಂದು ಲೋಟ ಕಡಿಮೆ ಬಿತ್ತು. ಅದನ್ನೇ ಅಜ್ಜಿಯ ಎಲೆಗೆ ಇಟ್ಟೆ."

ಈಗ ಬರೆಯುವಾಗ ನಗು ಬರುತ್ತದೆ. ಆಗ ಬರಲಿಲ್ಲ. ಸತ್ತವರ ಎಲೆಯ ಪಕ್ಕದಲ್ಲಿ ನನ್ನ ಹಲ್ಲು. ಮಾವ ಬಾಗಿಲು ತೆರೆದು, ನೀರು ಚಿಮುಕಿಸಲು ಆ ಲೋಟ ಎತ್ತಿದರೆ? ಅಡುಗೆಮನೆಯ ಕಡೆಯಿಂದ ಆ ಕೋಣೆಗೆ ಇನ್ನೊಂದು ಬಾಗಿಲಿತ್ತು. ನಾನು ಮೆಲ್ಲಗೆ ಹಿಂದಿನಿಂದ ಹೋದೆ.

ಕರೆಂಟ್ ಇರಲಿಲ್ಲ. ಮಧ್ಯಾಹ್ನವೇ ಆದರೂ ಮಳೆಗೆ ಕೋಣೆ ಕತ್ತಲೆ. ಎಣ್ಣೆಯ ದೀಪ ಒಂದೇ. ಐದು ಎಲೆಗಳಲ್ಲಿ ನೀರುದೋಸೆ, ಕೋಳಿ, ಸಾರಿನಿಂದ ಇನ್ನೂ ಹಬೆ. ಅಜ್ಜಿಯ ಎಲೆ ಯಾವುದೆಂದು ಕುಟ್ಟಿದ ಎಲೆಯಡಿಕೆಯಿಂದ ಗೊತ್ತಾಯಿತು. ಅದರ ಎದುರು ಕುಕ್ಕರಗಾಲಿನಲ್ಲಿ ಕೂತು ಲೋಟಕ್ಕೆ ಕೈ ಚಾಚಿದೆ. ಸೆರಗು ಜಾರಿತು.

ಬಾಗಿಲು ತಟ್ಟಿದ ಸದ್ದು. ಮಾವ ತೆರೆದರು.

ದೀಪದ ಬೆಳಕು ನನ್ನ ಮುಖದ ಮೇಲಿತ್ತು. ಅವರು ಹೊಸ್ತಿಲಲ್ಲೇ ನಿಂತರು. ಕೈಗಳು ತಾವಾಗಿ ಎದೆಯ ಹತ್ತಿರ ಬಂದವು.

"ಈರಾ?" ಎಂದರು. "ಒನಸ್ ಆಂಡಾ?"

ತುಳುವಿನಲ್ಲಿ 'ಈ' ಎಂದರೆ ನೀನು. 'ಈರ್' ಎಂದರೆ ತಾವು. ಮಾವ ನನ್ನನ್ನು ಹುಟ್ಟಿದಂದಿನಿಂದ 'ಈ' ಎಂದೇ ಕರೆದವರು. ಅವರು 'ಈರ್' ಎನ್ನುತ್ತಿದ್ದದ್ದು ಅವರ ತಾಯಿಗೆ. 'ನೀನಾ?' ಎನ್ನಬೇಕಿದ್ದರೆ 'ಈಯಾ?' ಆಗುತ್ತಿತ್ತು. ನಡುವೆ ಒಂದೇ ಒಂದು ಅಕ್ಷರ. ಹಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. 'ಊಟ ಆಯಿತೇ?' ಎಂಬ ಉಳಿದ ಮಾತನ್ನು ಯಾರಿಗೂ ಕೇಳಬಹುದು.

ಆಮೇಲೆ ಅವರು ಹೇಳಿದರು, "ಆ ದಿನ ನಾನು ಬರಬೇಕಿತ್ತು. ಬರಲಿಲ್ಲ."

ಅಜ್ಜಿ ಸಾಯುವಾಗ ಮಾವ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ತಂತಿ ಸಿಕ್ಕಿಯೂ ನಾಲ್ಕು ದಿನ ತಡವಾಗಿ ಬಂದರು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಹಲ್ಲು ಕೀಳುವ ದಿನವೂ ಅವರು ಬರಲಿಲ್ಲ. ಇದು ನನಗೆ ಮಾತ್ರ ನೆನಪಿದೆ ಎಂದುಕೊಂಡಿದ್ದೆ.

ನಾನು ಎದ್ದು "ಮಾವ, ನಾನು ವಾರಿಜ" ಎನ್ನಬೇಕಿತ್ತು. ಹಲ್ಲಿಲ್ಲದ ಬಾಯಿ ತೆರೆಯಿತು.

"ಆಂಡ್" ಎಂದೆ. ಆಯಿತು.

ಆ ಸ್ವರ ನನ್ನದಾಗಿರಲಿಲ್ಲ. ಬಾಯಿಯ ಒಳಗೆ ಬಹಳ ಹಿಂದಿನಿಂದ, ಗಾಳಿ ಬೆರೆತು ಬಂತು.

ಮಾವ ತಲೆ ಬಗ್ಗಿಸಿ ಬಾಗಿಲು ಎಳೆದುಕೊಂಡರು. ನಾನು ಲೋಟ ಎತ್ತಿಕೊಂಡು ಅಡುಗೆಮನೆಗೆ ಓಡಿದೆ. ಸ್ವಲ್ಪ ಹೊತ್ತಿನ ನಂತರ ಅವರು ಮತ್ತೊಮ್ಮೆ ತಟ್ಟಿ ತೆರೆದರು. ಊಟಕ್ಕೆ ಕುಳಿತಾಗ ಮಾಮಿಯನ್ನು ಕರೆದು, "ವಾರಿಜನಿಗೆ ಮೆತ್ತಗಿನದ್ದು ನೋಡಿ ಬಡಿಸು" ಎಂದರು. ಇದನ್ನು ಅಂದೇ ಹೇಳಿದರೋ, ಬೇರೆ ದಿನದ್ದನ್ನು ನಾನು ಇಲ್ಲಿಗೆ ಸೇರಿಸಿದ್ದೇನೋ, ಖಾತ್ರಿಯಿಲ್ಲ.

ಮರುವಾರ ಡಾಕ್ಟರ ಬಳಿ ಹೋದೆ. ಹಂಪನಕಟ್ಟೆಯ ಡಾಕ್ಟರು ಆಗ ಇರಲಿಲ್ಲ. ಬಿಕರ್ನಕಟ್ಟೆಯ ಹತ್ತಿರ ಹೊಸದಾಗಿ ಕ್ಲಿನಿಕ್ ಹಾಕಿದ್ದ ಲೇಡಿ ಡಾಕ್ಟರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನ ಕೆಳದವಡೆ ಅದರಲ್ಲಿ ಪೆನ್ಸಿಲಿನಷ್ಟು ತೆಳ್ಳಗೆ ಕಂಡಿತು.

"ಸೆಟ್ ಸವೆದದ್ದಲ್ಲ ಅಮ್ಮ. ಎಲುಬು ಸವೆದದ್ದು. ಹಲ್ಲಿದ್ದರೆ ಅದನ್ನು ಹಿಡ್ಕೊಳ್ಳುವ ಕೆಲಸ ಎಲುಬಿಗೆ ಉಂಟು. ಕೆಲಸ ಇಲ್ಲದಿದ್ದರೆ ಶರೀರ ಅದನ್ನು ವಾಪಸ್ ತಗೊಳ್ತದೆ. ಸಡಿಲ ಸೆಟ್ಟನ್ನು ಹಗಲೂ ರಾತ್ರಿ ಹಾಕಿ ಒತ್ತಿದರೆ ಇನ್ನೂ ಬೇಗ."

"ವಾಪಸ್ ಅಂದರೆ ಎಲ್ಲಿಗೆ?"

"ರಕ್ತಕ್ಕೆ. ಮತ್ತೆ ಎಲ್ಲಿಗೆ?"

ಒಂಬತ್ತು ವರ್ಷ ನನ್ನ ಮುಖವನ್ನು ನಾನೇ ಒಳಗೊಳಗೆ ತಿಂದು ಮುಗಿಸುತ್ತಿದ್ದೆ.

ಅಜ್ಜಿಯ ವಿಷಯ ಹೇಳಿದೆ. ಅವರು ನಗಲಿಲ್ಲ. "ದವಡೆಯ ಎತ್ತರ ಕಡಿಮೆ ಆದರೆ ತುಟಿ ಒಳಗೆ ಬೀಳ್ತದೆ, ಗದ್ದ ಮುಂದೆ ಬರ್ತದೆ. ಎಲ್ಲರಿಗೂ ಹಾಗೆಯೇ. ಹಲ್ಲಿಲ್ಲದ ಮುಖ ಎಲ್ಲ ಒಂದೇ ನಮೂನೆ. ನನ್ನ ಅಜ್ಜಿಯೂ ನಿಮ್ಮ ಹಾಗೆಯೇ ಇದ್ದದ್ದು."

ಇದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನನ್ನ ಮುಖ ನನ್ನದಲ್ಲದಿದ್ದರೂ ನಮ್ಮ ಮನೆಯದಾದರೂ ಹೌದು ಎಂದುಕೊಂಡಿದ್ದೆ.

ಹೋದ ಎಲುಬು ಬರುವುದಿಲ್ಲ. "ಉಳಿದದ್ದನ್ನು ನೋಡಿಕೊಳ್ಳುವ" ಎಂದರು ಡಾಕ್ಟರು. ಮೂರು ವಾರ ಸೆಟ್ ಇಲ್ಲದೆ ವಸಡು ವಾಸಿಯಾಗಲು ಬಿಟ್ಟರು. ಆಮೇಲೆ ತುಟಿಗೆ ಆಸರೆ ಕೊಡುವಂತೆ ಎತ್ತರದ ಹೊಸ ಸೆಟ್. ಈಗ ಬಾಯಿಯ ಮೂಲೆಯ ಬಿರುಕು ವಾಸಿಯಾಗಿದೆ. ಗಂಜಿಯ ಜೊತೆ ಉಪ್ಪಿನಕಾಯಿ ತಿನ್ನುತ್ತೇನೆ. ಲೈಬ್ರರಿಯಲ್ಲಿ ಟಕ್ ಎನ್ನುವುದು ಗಡಿಯಾರ ಮಾತ್ರ. ವರ್ಷಕ್ಕೊಮ್ಮೆ ತೋರಿಸಲು ಹೋಗಬೇಕು, ಹೋಗುತ್ತೇನೆ. ಮಲಗುವ ಮೊದಲು ಸೆಟ್ ತೆಗೆದು, ಕನ್ನಡಿಯ ಎದುರೇ ನಿಂತು ತೊಳೆಯುತ್ತೇನೆ. ಒಳಗೆ ಹೋದ ತುಟಿಗಳ ಆ ಹೆಂಗಸು ಯಾರೆಂದು ಈಗ ಕೇಳುವುದಿಲ್ಲ. ಅವಳಿಗೂ ಇಲ್ಲೇ ಮನೆ.

ಗಂಡ ಈ ಸಲ ಬಸ್ಸಿನಿಂದ ಇಳಿದವರು ನೇರ ನನ್ನ ಹತ್ತಿರ ಬಂದರು. ಎರಡು ದಿನ ಬಿಟ್ಟು, ಸೆಟ್ ತೆಗೆದ ಮುಖವನ್ನೂ ತೋರಿಸಿದೆ. "ಹೋ, ಇವಳಾ" ಎಂದರು.

ಮಾವನಿಗೆ ಮಾತ್ರ ಏನೂ ಹೇಳಿರಲಿಲ್ಲ. ಆಟಿಯ ನಂತರ ಅವರು ಹಗುರವಾಗಿದ್ದರು. ಬೊಂಬಾಯಿಯ ಕಥೆಗಳನ್ನು ಹೇಳುತ್ತಿದ್ದರು. ಹಿಂದೆ ಆ ಊರಿನ ಹೆಸರೂ ಎತ್ತಿದವರಲ್ಲ. ಅಜ್ಜಿ ಕ್ಷಮಿಸಿದರು ಎಂದು ಅವರು ನಂಬಿದ್ದರೆ ಅದನ್ನು ಕಿತ್ತುಕೊಳ್ಳುವ ಹಕ್ಕು ನನಗಿಲ್ಲ. ಆದರೆ ಅಂದು ಅವರು ಕಂಡದ್ದು ನನ್ನನ್ನೇ ಆಗಿದ್ದರೆ, ಕ್ಷಮೆ ಕೇಳಿದ್ದು ನನ್ನಲ್ಲೇ ಆಗಿದ್ದರೆ, ಒಂಬತ್ತು ವರ್ಷದ ಹಿಂದೆ ಬಾಯಿ ತುಂಬ ಹತ್ತಿ ಇಟ್ಟುಕೊಂಡು ಬಸ್ಸಿನಲ್ಲಿ ಒಬ್ಬಳೇ ಬಂದವಳಿಗೆ ಅದು ಬೇಕು.

ಹೋದ ಭಾನುವಾರ ಶಕ್ತಿನಗರಕ್ಕೆ ಹೋಗಿದ್ದೆ. ಮಾವ ಜಗಲಿಯಲ್ಲಿ ಕೂತು ಮೂಸಂಬಿ ಸುಲಿಯುತ್ತಿದ್ದರು. ಬಿಳಿ ನಾರನ್ನು ಒಂದೊಂದಾಗಿ ಬಿಡಿಸಿ, ಬೀಜ ತೆಗೆದು, ಒಂದು ತೊಳೆಯನ್ನು ನನ್ನ ಅಂಗೈಯಲ್ಲಿ ಇಟ್ಟರು. ನಾನು ಕೇಳಿಬಿಟ್ಟೆ. ಅವರು ಮುಂದಿನ ತೊಳೆ ಬಿಡಿಸತೊಡಗಿದರು. ಇಡೀ ಹಣ್ಣು ಮುಗಿಯಿತು. ಈಗಲೂ ಉತ್ತರ ಬಂದಿಲ್ಲ.

"ಮಾವ, ಆ ದಿನ ನೀವು ನನಗೆ 'ಈಯಾ' ಅಂದದ್ದಾ, 'ಈರಾ' ಅಂದದ್ದಾ?"