ಮೇಲಿನ ರೂಮು ನೋಡಲು ಬಂದ ಲಾಯರಮ್ಮ

ಲಾಯರಮ್ಮನ ಎಡಗಾಲು ಸದಾ ಊದಿಕೊಂಡಿರುತ್ತಿತ್ತು. ಮಲ್ಲೇಶ್ವರದ ತಮ್ಮ ಆಫೀಸಿನಲ್ಲಿ ಆ ಕಾಲನ್ನು ಸ್ಟೂಲಿನ ಮೇಲಿಟ್ಟು, ಕಪ್ಪು ಕೋಟಿನ ತೋಳಿನಿಂದ ಕನ್ನಡಕ ಒರೆಸುತ್ತಾ ಕೂತಿರುತ್ತಿದ್ದರು. ಯಾರೇ ಅಳುತ್ತಾ ಬಂದರೂ ಒಂದು ಲೋಟ ನೀರು ಕುಡಿಸದೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲ.

ನಾನೂ ಅಮ್ಮನೂ ಶ್ರೀರಾಂಪುರದಿಂದ ಅಳುತ್ತಲೇ ಹೋಗಿದ್ದೆವು. ನಮ್ಮ ಮನೆಯ ಮೇಲಿನ ಶೀಟಿನ ರೂಮಿನಲ್ಲಿ ಪೊಲೀಸರಿಗೆ ಮಾದಕ ಮಾತ್ರೆಗಳ ಪೊಟ್ಟಣ ಸಿಕ್ಕಿ, ನನ್ನ ತಮ್ಮ ಜೈಲು ಸೇರಿದ್ದ. "ನನ್ ಮಗ ಒಳ್ಳೇವ್ನು ಮೇಡಂ, ಸಿಗರೇಟೂ ಮುಟ್ಟಲ್ಲ," ಎಂದು ಅಮ್ಮ ಶುರುಮಾಡಿದಳು.

"ಅದನ್ನ ಹೆಣ್ಣು ನೋಡಕ್ ಹೋದಾಗ ಹೇಳಿ. ನಂಗೆ ನಡೆದಿದ್ದು ಹೇಳಿ. ಆ ರೂಮಲ್ಲಿ ಯಾರ್ಯಾರು ಮಲಗ್ತಿದ್ರು?"

ಅಮ್ಮ ತಲೆ ತಗ್ಗಿಸಿದಳು. ತಮ್ಮನ ಸ್ನೇಹಿತನೊಬ್ಬ ಕೆಲವು ತಿಂಗಳಿಂದ ಅಲ್ಲೇ ಇದ್ದ. ಪೊಲೀಸರು ಬರುವ ಹಿಂದಿನ ದಿನ ಮಾಯವಾಗಿದ್ದ. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಹೊರಗಿನ ಗಂಡಸನ್ನು ಇಟ್ಟುಕೊಂಡಿದ್ದೇವೆಂದು ಬೀದಿಯವರೆದುರು ಹೇಳುವುದು ಹೇಗೆ? "ಅದು ನನ್ ಮಗನ ರೂಮು, ಬೇರೆ ಯಾರೂ ಕಾಲಿಡಲ್ಲ," ಎಂದು ಪೊಲೀಸರಿಗೆ ಗತ್ತಿನಿಂದ ಹೇಳಿಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮಾನ ಉಳಿಯಿತು, ತಮ್ಮ ಮುಳುಗಿದ.

"ಈ ಮಾತ್ರೆ ಒಂದ್ ಹಿಡಿ ಇದ್ರೂ ಕಾನೂನು ಅದನ್ನ ವ್ಯಾಪಾರದ ಮಾಲು ಅನ್ನತ್ತೆ. ಬೇಲ್ ಕಷ್ಟ," ಎಂದರು ಲಾಯರಮ್ಮ. "ಅಲ್ಲಿ ಇನ್ನೊಬ್ಬ ಇದ್ದ, ಪೊಟ್ಟಣದ ವಿಷಯ ಇವ್ನಿಗೆ ಗೊತ್ತಿರ್ಲಿಲ್ಲ ಅಂತ ನಾವು ತೋರಿಸ್ಬೇಕು." ನಾನು ಅಮ್ಮನನ್ನು ಬೈಯತೊಡಗಿದೆ. ಅವರು ನನ್ನನ್ನೇ ಗದರಿದರು: "ಸುಮ್ನಿರು. ಅವ್ರೇ ನಮ್ ಸಾಕ್ಷಿ. ಹೆದರಿಸಿದ್ರೆ ಅದೂ ಹೋಗತ್ತೆ."

ಹೇಳಿದಂತೆಯೇ ಬೇಲ್ ಸಿಗಲಿಲ್ಲ. ಕೋರ್ಟಿನಲ್ಲಿ ಎದುರಿನ ವಕೀಲರು ಓದಿದ್ದು ಅಮ್ಮನ ಮಾತನ್ನೇ. ಅವಳು ಬೆಂಚಿನ ಮೇಲೆ ಸೆರಗು ಕಚ್ಚಿಕೊಂಡು ಕೂತಿದ್ದಳು. ನಾನು ಸಿಟ್ಟಿನಿಂದ ಎದ್ದು ಬೇರೆ ಬೆಂಚಿಗೆ ಹೋಗಿ ಕೂತೆ.

ಆಮೇಲೊಂದು ಭಾನುವಾರ ಲಾಯರಮ್ಮ ನಮ್ಮ ಮನೆಗೇ ಬಂದರು. ಕಬ್ಬಿಣದ ಮೆಟ್ಟಿಲುಗಳ ಮೇಲೆ ಅಲ್ಲಲ್ಲಿ ಕೂತು, ಉಸ್ಸೆಂದು, ಮೇಲಿನ ರೂಮಿಗೆ ಹತ್ತಿದರು. ಯಾರ ಚಾಪೆ ಎಲ್ಲಿತ್ತು, ಯಾರ ಬಟ್ಟೆ ಯಾವ ಮೊಳೆಗೆ ಎಂದು ಕೇಳಿ, ಅಮ್ಮನನ್ನು ಅಲ್ಲೇ ಕೂರಿಸಿಕೊಂಡರು. "ಪೊಲೀಸ್ರಿಗೆ ಸುಳ್ಳು ಹೇಳ್ದೆ ಅಂತ ಕೋರ್ಟಲ್ಲಿ ಒಪ್ಕೊಳಿ. ಯಾಕ್ ಹೇಳ್ದೆ ಅಂತಾನೂ ಹೇಳಿ. ನಾಚಿಕೆ ಪಟ್ಕೊಂಡಿದ್ದು ಅಪರಾಧ ಅಲ್ಲ." ಅಮ್ಮ ಬಿಕ್ಕುತ್ತಿದ್ದಳು, ಮತ್ತೆ ಶುರುಮಾಡುತ್ತಿದ್ದಳು. ಹಲವು ಭಾನುವಾರಗಳಾದ ಮೇಲೆ ಒಮ್ಮೆ ಪೂರ್ತಿ ಹೇಳಿದಳು. ಲಾಯರಮ್ಮ ಅಷ್ಟು ಸಂತೋಷಪಟ್ಟಿದ್ದನ್ನು ನಾನು ನೋಡಿರಲಿಲ್ಲ. "ಇಷ್ಟೇ ಸಾಕು ನಂಗೆ," ಎಂದರು.

ಕೋರ್ಟಿನಲ್ಲಿ ಅಮ್ಮನ ಸರದಿ ಬರುವ ಮೊದಲೇ ಲಾಯರಮ್ಮನ ಹೃದಯ ನಿಂತಿತು. ಹೆತ್ತವಳನ್ನು ನಾನು ಕ್ಷಮಿಸಿದ್ದರೆ ಅದು ಅವರ ಋಣ. ಅದನ್ನು ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಜೈಲಿನ ಮುಂದಿನ ಭೇಟಿಯಲ್ಲಿ ಗಾಜಿನ ಆಚೆಯಿಂದ ತಮ್ಮ ಫೋನಿನಲ್ಲಿ ಎಂದಿನಂತೆ ಕೇಳಿದ: "ಲಾಯರಮ್ಮ ಏನಂದ್ರು?"

ನಾನು ಏನಾದರೂ ನೆಪ ಹೇಳೋಣವೆಂದಿದ್ದೆ. ಅಷ್ಟರಲ್ಲಿ ಅಮ್ಮ ಫೋನು ಕಿತ್ತುಕೊಂಡು, "ಅವ್ರು ತೀರ್ಕೊಂಡ್ರು ಕಣೋ," ಎಂದಳು.

"ಮತ್ತೆ ನನ್ನ ಯಾರಮ್ಮಾ ನಂಬ್ತಾರೆ?" ಎಂದ.