ಟವೆಲ್ಲಿಲ್ಲದ ಜನರಲ್

ನನ್ನ ಹೆಂಡತಿ ಒಬ್ಬ ಜರ್ಮನ್ ಜನರಲ್‌ನನ್ನು ಮೆಚ್ಚಿಕೊಂಡಿದ್ದಳು. ಆತ ಸತ್ತು ಮಣ್ಣಾಗಿ ಯಾವ ಕಾಲವಾಯಿತೋ! ಆದರೂ ನನಗೆ ಹೊಟ್ಟೆ ಉರಿಯಿತು.

ಅವನನ್ನು ನಿಡಘಟ್ಟದ ನಮ್ಮ ಜಗಲಿಗೆ ಕರೆತಂದವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಸಂಜೆಯಾದರೆ ಅವನದೇ ಕತೆ. ಮೊದಲ ಮಹಾಯುದ್ಧದಲ್ಲಿ ಸಣ್ಣ ಅಧಿಕಾರಿ, ಎರಡನೆಯದರಲ್ಲಿ ಟ್ಯಾಂಕು ಪಡೆಯ ಮುಖ್ಯಸ್ಥ, ಆಮೇಲೆ ಆಫ್ರಿಕಾದ ಮರಳುಗಾಡಿನಲ್ಲಿ ದೊಡ್ಡ ದಂಡಿಗೇ ಯಜಮಾನ. ಅವಳು ಅವರೆಕಾಯಿ ಸುಲಿಯುವುದನ್ನೂ ಮರೆತು ಕೇಳುತ್ತಿದ್ದಳು. ನಾನೂ ಬರಿಗೈಯಲ್ಲಿ ಶುರುಮಾಡಿ, ಮದ್ದೂರು ಮಳವಳ್ಳಿ ಕಡೆಯ ಸಂತೆಗಳಲ್ಲಿ ದನದ ದಳ್ಳಾಳಿಯಾಗಿ ಹೆಸರು ಮಾಡಿದವನೇ. ನನ್ನ ಒಂದು ವ್ಯಾಪಾರದ ಕತೆಗಾದರೂ ಅವಳ ಕೈ ನಿಂತದ್ದಿಲ್ಲ.

ಜನರಲ್ ಸೋಲುವ ದಿನಕ್ಕೆ ನಾನು ಕಾದೆ. ಬಂತು.

"ಪೆಟ್ರೋಲು ತರೋ ಹಡಗು ಯಾವತ್ತು ಹೊರಡುತ್ತೆ ಅಂತ ಶತ್ರುಗೆ ಮೊದಲೇ ಗೊತ್ತಾಗ್ತಿತ್ತು ಕಣಮ್ಮ," ಎಂದರು ಮೇಷ್ಟ್ರು. "ಗುಟ್ಟಿನ ಸಂದೇಶಾನೆಲ್ಲ ಕದ್ದು ಓದ್ತಿದ್ರು. ಪೆಟ್ರೋಲಿಲ್ದೆ ಟ್ಯಾಂಕು ನಿಂತಲ್ಲೇ ನಿಂತ್ವು."

"ಅಯ್ಯೋ ಪಾಪ, ಅಂತಾ ಗಂಡ್ಸು!" ಎಂದಳು ಇವಳು.

"ಏನ್ ಪಾಪ ಕಣಮ್ಮಿ? ಎತ್ತಿನ ರೇಟ್ನ ಊರಿಗೆಲ್ಲ ಕೇಳಂಗೆ ಒದರಿದ್ರೆ ನಾನೂ ಅಂಗೇ ಮುಳುಗೋಯ್ತಿದ್ದೆ. ಮೇಷ್ಟ್ರೆ, ಕೈ ಕೊಡಿ ಇಲ್ಲಿ."

ಹೆಗಲ ಟವೆಲ್ಲನ್ನು ಅವರ ಕೈಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿದೆ. ದನದ ಸಂತೆಯಲ್ಲಿ ಬೆಲೆ ಬಾಯಲ್ಲಿ ಆಡುವುದಿಲ್ಲ. ಎಷ್ಟು ಬೆರಳು ಹಿಡಿದರೆ ಅಷ್ಟು. ಪಕ್ಕದಲ್ಲಿ ನಿಂತವನಿಗೂ ತಿಳಿಯದು. ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಹೇಳುವುದಿಷ್ಟೆ: ಬಾಯಿ ಹಣದ ಚೀಲವಿದ್ದಂತೆ, ದಾರ ಬಿಗಿದಿರಲಿ. ಇನ್ನೊಂದು, ದುಡಿಯುವ ಮುಂಚೆ ಧಣಿ ಎಂಥವನೆಂದು ನೋಡಿ. ಆ ಜನರಲ್ ಅದನ್ನೂ ನೋಡದೆ, ಜನರನ್ನು ಕೊಲ್ಲಿಸುವ ಸರ್ವಾಧಿಕಾರಿಗೆ ದುಡಿದ.

ಕಾಯಿ ಸುಲಿಯುವ ಸದ್ದು ನಿಂತಿತ್ತು.

"ಅದೇನ್ ಮಾಡಿದ್ರಿ ಟವೆಲ್ ಕೆಳ್ಗೆ? ಇಷ್ಟ್ ವರ್ಸ ನಂಗ್ಯಾಕೆ ತೋರಿಸ್ಲಿಲ್ಲ?"

"ನೀನ್ಯಾವತ್ತು ಕೇಳ್ದೆ?"

"ನೀವು ಲಾಭ ಯೋಳ್ತಿದ್ರಿ. ಇದನ್ನ ಯೋಳ್ತಿರ್ಲಿಲ್ಲ," ಎಂದು ಕೈ ಚಾಚಿದಳು.

ಮಗನಿಗೂ ಹೇಳಿಕೊಡದ ವಿದ್ಯೆ. ಮೇಷ್ಟ್ರ ಕೈಬಿಟ್ಟು ಟವೆಲ್ಲನ್ನು ಅವಳ ಕೈಮೇಲೆ ಹಾಸಿದೆ. ಒಂದೊಂದೇ ಬೆರಳು ಹಿಡಿದು ಹೇಳಿಕೊಟ್ಟೆ. ಅವಳೂ ನನ್ನ ಮೂರು ಬೆರಳು ಗಟ್ಟಿಯಾಗಿ ಹಿಡಿದಳು. ಹಿಡಿದುಕೊಂಡೇ ಮುಖ ಅತ್ತ ತಿರುಗಿಸಿದಳು.

"ಆಮೇಕೆ ಆ ಜನರಲ್ ಏನಾದ ಮೇಷ್ಟ್ರೆ?"

ನಾನು ಟವೆಲ್ ತೆಗೆಯಲಿಲ್ಲ.